ಕಾತ್ಯಾಯನಿಯ ಮಾತೃತ್ವ: ‘ವಂಶವೃಕ್ಷ’ದ ಒಂದು ಪುನರವಲೋಕನ

ಸಂಗಾತಿಯನ್ನು ಕಳೆದುಕೊಂಡು ಮಕ್ಕಳೊಡನೆ ಉಳಿದವರಿಗೆ ಲೋಕವು ಎರಡು ಬಗೆಯ ಹಿತವಚನಗಳನ್ನು ಹೇಳುತ್ತದೆ. ಮಕ್ಕಳ ಮುಖ ನೋಡಿಕೊಂಡು ದುಃಖವನ್ನು ಮರೆಯಬೇಕೆಂಬುದು ಮೊದಲನೆಯದು. ಇನ್ನೂ ವಯಸ್ಸಿದೆ, ಮತ್ತೊಂದು ಸಂಸಾರ ಕಟ್ಟಿಕೊಳ್ಳಬೇಕೆಂಬುದು ಎರಡನೆಯದು. ಗಂಡಸಿಗೆ ಈ ಎರಡನ್ನೂ ಕೂಡಿಸಿಯೇ ಹೇಳುತ್ತಾರೆ. ತಬ್ಬಲಿ ಮಗುವನ್ನು ಸಾಕುವವರು ಬೇಕೆಂಬುದೇ ಅವನ ಮರುಮದುವೆಗೆ ಕಾರಣವಾಗುತ್ತದೆ. ಹೆಂಗಸಿಗಾದರೋ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಾಯಲ್ಲಿಯೇ ನುಂಗಿಕೊಳ್ಳುತ್ತಾರೆ. ಅವಳ ಮಗುವೇ ಅವಳ ಮರುಮದುವೆಗೆ ಅಡ್ಡಿಯೆಂದು ಎಣಿಸಲ್ಪಡುತ್ತದೆ. ಒಂದೇ ಮಗು ತಂದೆಯ ಪಾಲಿಗೆ ಕಾರಣವಾಗಿ ತಾಯಿಯ ಪಾಲಿಗೆ ಪ್ರತಿಬಂಧಕವಾಗುವ ಈ ವಿಚಿತ್ರ ನ್ಯಾಯವನ್ನು ಕನ್ನಡದಲ್ಲಿ ಮುಖಾಮುಖಿಯಾಗಿ ಎದುರಿಸಿದ ಕೃತಿಗಳು ಹೆಚ್ಚಿಲ್ಲ. ಎದುರಿಸಿದವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’.

೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿ ಇಂದಿಗೂ ಓದುಗರ ಕೈಯಲ್ಲಿದೆ. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕೂಡಿ ನಿರ್ದೇಶಿಸಿದ ಚಲನಚಿತ್ರದಿಂದಾಗಿ ಓದಲು ಬಾರದವರಿಗೂ ಅದರ ಕಥೆ ಪರಿಚಿತವಾಯಿತು. ೨೦೨೫ರಲ್ಲಿ ಲೇಖಕರು ನಮ್ಮನ್ನಗಲಿದ ಮೇಲೆ ಅವರ ಕೃತಿಗಳನ್ನು ಮತ್ತೊಮ್ಮೆ ತೆರೆದು ನೋಡುವ ಅಪೇಕ್ಷೆ ಅನೇಕರಲ್ಲಿ ಹುಟ್ಟಿರುವುದು ಸಹಜ. ಹಾಗೆ ನೋಡುವಾಗ ಹೊಗಳಿಕೆಯೊಂದರಿಂದಲೇ ದೊಡ್ಡ ಲೇಖಕನ ಋಣ ತೀರುವುದಿಲ್ಲ. ಅವನು ಎತ್ತಿದ ಪ್ರಶ್ನೆಗೆ ಅವನೇ ಕೊಟ್ಟ ಉತ್ತರ ಎಷ್ಟರಮಟ್ಟಿಗೆ ನ್ಯಾಯವಾದುದೆಂದು ವಿಚಾರಿಸುವುದೂ ಓದುಗನ ಕರ್ತವ್ಯ.

ಮೊದಲು ಈ ಕೃತಿಯ ಹೆಚ್ಚಳವನ್ನು ಗುರುತಿಸಬೇಕು. ಕನ್ನಡ ಕಾದಂಬರಿಯಲ್ಲಿ ವಿಧವೆಯರ ಪಾತ್ರಗಳಿಗೆ ಕೊರತೆಯಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯) ವಿಧವಾವಿವಾಹವನ್ನು ಎತ್ತಿಹಿಡಿಯಿತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮), ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇವೆರಡರಲ್ಲಿಯೂ ವಿಧವೆಯೇ ಕೇಂದ್ರ. ಆದರೆ ಈ ಮೂವರೂ ಸಂಸಾರಸುಖವನ್ನು ಅರಿಯುವ ಮೊದಲೇ ಗಂಡನನ್ನು ಕಳೆದುಕೊಂಡವರು; ಯಾರ ಮಡಿಲಲ್ಲಿಯೂ ಮಗುವಿಲ್ಲ. ಅವರ ಸಂಕಟವು ಸಮಾಜದೊಡನೆ, ಶಾಸ್ತ್ರದೊಡನೆ, ತಮ್ಮ ದೇಹಮನಸ್ಸುಗಳೊಡನೆ ನಡೆಯುವ ಹೋರಾಟ. ಕಾತ್ಯಾಯನಿಯ ಸ್ಥಿತಿ ಬೇರೆ. ಅವಳು ಗಂಡನೊಡನೆ ಬಾಳಿದವಳು. ಅವನ ನೆನಪು ಅವಳ ಮಗುವಿನ ರೂಪದಲ್ಲಿ ಮನೆಯೊಳಗೆ ಓಡಾಡುತ್ತಿದೆ. ತನ್ನ ಬದುಕಿನ ಬಗೆಗೆ ಅವಳು ಏನನ್ನು ನಿಶ್ಚಯಿಸಿದರೂ ಅದು ಇನ್ನೊಂದು ಜೀವದ ಬದುಕನ್ನೂ ನಿಶ್ಚಯಿಸುತ್ತದೆ. ಈ ಇಕ್ಕಟ್ಟನ್ನು ಕಾದಂಬರಿಯ ನಡುಮನೆಗೆ ತಂದು ಕೂರಿಸಿದ ಕೀರ್ತಿ ‘ವಂಶವೃಕ್ಷ’ಕ್ಕೆ ಸಲ್ಲಬೇಕು.

ಕಥೆಯನ್ನು ವಾಚಕರು ಬಲ್ಲರಾದರೂ ವಿಚಾರಕ್ಕೆ ಬೇಕಾದಷ್ಟನ್ನು ಸ್ಮರಿಸಬಹುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಿದ್ವಾಂಸರು, ಧರ್ಮಭೀರುಗಳು. ಒಬ್ಬನೇ ಮಗ ನಂಜುಂಡ ಕಪಿಲಾ ನದಿಯ ಪಾಲಾಗುತ್ತಾನೆ. ಉಳಿದವರು ಪತ್ನಿ ಭಾಗೀರತಮ್ಮ, ಎಳೆಯ ಸೊಸೆ ಕಾತ್ಯಾಯನಿ, ಮೊಮ್ಮಗ ಚೀನಿ, ಮನೆಯವಳಂತೆಯೇ ಇರುವ ಲಕ್ಷ್ಮಿ. ಗಂಡನು ಅರ್ಧಕ್ಕೆ ಬಿಟ್ಟುಹೋದ ವಿದ್ಯಾಭ್ಯಾಸವನ್ನು ತಾನು ಮುಗಿಸಬೇಕೆಂದು ಕಾತ್ಯಾಯನಿ ಬಯಸಿದಾಗ ಅತ್ತೆಯ ಅಸಮ್ಮತಿಯ ನಡುವೆಯೂ ಮಾವ ಒಪ್ಪುತ್ತಾರೆ. ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿಬರುವ ಅವಳಿಗೆ ಕಾಲೇಜಿನ ಅಧ್ಯಾಪಕ ರಾಜನ ಪರಿಚಯವಾಗಿ, ಅದು ಪ್ರೇಮವಾಗಿ, ಮದುವೆಯಲ್ಲಿ ಪರಿಣಮಿಸುತ್ತದೆ. ಮಗುವನ್ನು ಕರೆದೊಯ್ಯಲು ಬಂದವಳು ಅವನನ್ನು ಅಲ್ಲಿಯೇ ಬಿಟ್ಟು ಹಿಂದಿರುಗುತ್ತಾಳೆ. ಮುಂದೆ ಅವಳಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಪಾಪಪ್ರಜ್ಞೆ ಅವಳನ್ನು ತಿನ್ನುತ್ತದೆ. ಬೆಳೆದ ಮಗ ಎದುರಿಗೆ ಬಂದಾಗ ಅವಳನ್ನು ತಾಯಿಯೆಂದು ಒಪ್ಪಿಕೊಳ್ಳುವುದಿಲ್ಲ. ಕೊರಗಿ ಕೊರಗಿ ಅವಳು ಸಾಯುತ್ತಾಳೆ.

ಮಗುವನ್ನು ಬಿಟ್ಟುಹೋಗುವ ಸನ್ನಿವೇಶ ಇಡೀ ಕಾದಂಬರಿಯ ಹೃದಯಸ್ಥಾನ. ಶ್ರೋತ್ರಿಗಳು ಅಲ್ಲಿ ಗದರುವುದಿಲ್ಲ, ಶಪಿಸುವುದಿಲ್ಲ, ಬಾಗಿಲು ಹಾಕುವುದಿಲ್ಲ. ಮಗು ವಂಶಕ್ಕೆ ಸೇರಿದ್ದೆಂಬ ತಮ್ಮ ನಂಬಿಕೆಯನ್ನು ತಿಳಿಸಿ ನಿರ್ಣಯದ ಭಾರವನ್ನು ಅವಳ ಮೇಲೆಯೇ ಇಡುತ್ತಾರೆ. ವಿಮರ್ಶಕರು ಇದನ್ನು ಶ್ರೋತ್ರಿಗಳ ಔದಾರ್ಯವೆಂದು ಕೊಂಡಾಡಿದ್ದುಂಟು. ಔದಾರ್ಯ ಹೌದು. ಆದರೆ ಆ ಔದಾರ್ಯದ ಒಳಗೆ ಒಂದು ಕಾಠಿಣ್ಯವೂ ಇದೆ. ತಾಯಿಯ ಎದುರಿಗೆ ಅವರು ಇಟ್ಟದ್ದು ಎರಡೇ ದಾರಿ: ಮಗುವನ್ನು ವಂಶದಿಂದ ಕಿತ್ತುಕೊಂಡು ಹೋಗುವುದು, ಅಥವಾ ಮಗುವಿನಿಂದ ತನ್ನನ್ನು ಕಿತ್ತುಕೊಂಡು ಹೋಗುವುದು. ನಂಜನಗೂಡಿಗೂ ಮೈಸೂರಿಗೂ ನಡುವೆ ಹದಿನೈದು ಮೈಲಿಯೂ ದೂರವಿಲ್ಲ. ಕಾತ್ಯಾಯನಿ ಅದೇ ದಾರಿಯಲ್ಲಿ ನಿತ್ಯ ಓಡಾಡಿದವಳು. ವಾರಕ್ಕೊಮ್ಮೆ ಬಂದು ಮಗುವನ್ನು ನೋಡಿಕೊಂಡು ಹೋಗು, ರಜೆಯಲ್ಲಿ ನಿನ್ನ ಮನೆಗೆ ಕಳಿಸುತ್ತೇವೆ ಎಂಬ ಮೂರನೆಯ ಮಾತು ಆ ಮನೆಯಲ್ಲಿ ಯಾರ ನಾಲಗೆಯ ಮೇಲೂ ನೆಲೆಯಾಗಿ ನಿಲ್ಲುವುದಿಲ್ಲ. ಆ ಮಾತು ಅಲ್ಲಿ ನಿಂತಿದ್ದರೆ ‘ವಂಶವೃಕ್ಷ’ದ ದುರಂತವೇ ಇರುತ್ತಿರಲಿಲ್ಲ.

ಇದು ಶ್ರೋತ್ರಿಗಳೊಬ್ಬರ ಮನೋಧರ್ಮವೆಂದು ತಿಳಿಯಬೇಕಾಗಿಲ್ಲ. ಕಾನೂನು ಕೂಡ ಬಹುಕಾಲ ಹೀಗೆಯೇ ಯೋಚಿಸಿತ್ತು. ಈಶ್ವರಚಂದ್ರ ವಿದ್ಯಾಸಾಗರರ ಪರಿಶ್ರಮದಿಂದ ೧೮೫೬ರಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ ಬಂದುದನ್ನು ಎಲ್ಲರೂ ಬಲ್ಲರು. ಅದೇ ಕಾಯಿದೆಯ ಎರಡನೆಯ ಕಲಮಿನಂತೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಣ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಮೂರನೆಯ ಕಲಮಿನಂತೆ, ಗಂಡನು ಮೃತ್ಯುಪತ್ರದಲ್ಲಿ ಯಾರನ್ನೂ ಪೋಷಕರನ್ನಾಗಿ ನೇಮಿಸಿರದಿದ್ದರೆ, ಅವನ ತಂದೆ, ತಾಯಿ, ಅಜ್ಜ, ಅಜ್ಜಿ ಅಥವಾ ಗಂಡುಕಡೆಯ ಬಂಧುಗಳು ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಬೇಕೆಂದು ನ್ಯಾಯಾಲಯವನ್ನು ಕೇಳಬಹುದಾಗಿತ್ತು. ಹೆಣ್ಣಿಗೆ ಪತ್ನಿಯಾಗುವ ಹಕ್ಕನ್ನು ಒಂದು ಕೈಯಿಂದ ಕೊಟ್ಟ ಕಾಯಿದೆ, ತಾಯಿಯಾಗಿ ಉಳಿಯುವ ಹಕ್ಕನ್ನು ಇನ್ನೊಂದು ಕೈಯಿಂದ ಸಡಿಲಿಸಿತು. ಆ ಕಾಯಿದೆ ೧೯೮೩ರಲ್ಲಿ ರದ್ದಾಯಿತು. ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆ ತಂದೆಯ ತರುವಾಯ ತಾಯಿಯನ್ನೇ ಸಹಜ ಪೋಷಕಳೆಂದು ಒಪ್ಪುತ್ತದೆ. ಪುನರ್ವಿವಾಹದ ಮಾತ್ರದಿಂದ ಆ ಸ್ಥಾನ ಅಳಿಯುವುದೆಂದು ಅದು ಹೇಳುವುದಿಲ್ಲ. ಕಾನೂನು ಬದಲಾದರೂ ಶ್ರೋತ್ರಿಗಳ ಮನೆಯ ಪ್ರಶ್ನೆ ಮನೆಮನೆಗಳಲ್ಲಿ ಉಳಿದೇ ಇದೆ.

ಈಗ ಕಾದಂಬರಿಕಾರರ ತೀರ್ಪಿನ ಕಡೆಗೆ ಬರೋಣ. ಕಾತ್ಯಾಯನಿಯ ಗರ್ಭಪಾತಗಳೂ ಅಕಾಲಮರಣವೂ ಲೇಖಕರು ಅವಳಿಗೆ ವಿಧಿಸಿದ ಶಿಕ್ಷೆಯೆಂದು ಕೆಲವರು ಆಕ್ಷೇಪಿಸುತ್ತಾರೆ. ಶಿಕ್ಷೆ ಕೊಟ್ಟದ್ದು ಲೇಖಕರಲ್ಲ, ಅವಳ ಅಂತಸ್ಸಾಕ್ಷಿಯೇ ಎಂದು ಇನ್ನು ಕೆಲವರು ಸಮರ್ಥಿಸುತ್ತಾರೆ. ಎರಡನೆಯ ಮಾತಿನಲ್ಲಿ ಹುರುಳಿದೆ. ಮಗುವನ್ನು ಅಗಲಿದ ತಾಯಿ ಕೊರಗದೆ ಇದ್ದಿದ್ದರೆ ಆ ಪಾತ್ರ ಸುಳ್ಳಾಗುತ್ತಿತ್ತು. ಆದರೆ ಮನಸ್ಸಿನ ಕೊರಗಿಗೆ ದೇಹವೇ ಮೇಲಿಂದ ಮೇಲೆ ಸಾಕ್ಷಿ ನುಡಿಯುವಂತೆ ಕಥೆಯನ್ನು ಹೆಣೆದಾಗ, ಓದುಗನಿಗೆ ಅದು ಅಂತಸ್ಸಾಕ್ಷಿಯ ಧ್ವನಿಯಾಗಿ ಕೇಳಿಸದೆ ದೈವದ ತೀರ್ಪಾಗಿ ಕೇಳಿಸುತ್ತದೆ. ಗರ್ಭಪಾತಕ್ಕೆ ದೇಹಧರ್ಮದ ಕಾರಣಗಳು ಎಷ್ಟೋ ಇರುತ್ತವೆ. ಅದನ್ನು ಪಾಪದ ಫಲವೆಂದು ನಂಬಿ ನೊಂದ ಸ್ತ್ರೀಯರು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಅವರಲ್ಲಿ ಒಬ್ಬಳು ಈ ಕಾದಂಬರಿಯನ್ನು ಓದಿದರೆ ಅವಳಿಗೆ ದೊರೆಯುವುದು ಸಾಂತ್ವನವಲ್ಲ. ಇಲ್ಲಿ ಕಲೆ ತನ್ನ ಎಚ್ಚರವನ್ನು ಸ್ವಲ್ಪ ಸಡಿಲಬಿಟ್ಟಿತೆಂದೇ ಹೇಳಬೇಕು.

ಇನ್ನೊಂದು ಕೊರತೆಯೂ ಉಂಟು. ದುಃಖದಿಂದ ಎದ್ದುಬರುವವರಿಗೆ ಕೆಲಸವು ಊರುಗೋಲು. ಭೈರಪ್ಪನವರಿಗೆ ಇದು ತಿಳಿಯದ ವಿಷಯವಲ್ಲ. ಅವರ ‘ಗೃಹಭಂಗ’ದ (೧೯೭೦) ನಂಜಮ್ಮನಿಗೆ ಗಂಡನಿದ್ದೂ ಇಲ್ಲದಂತೆ, ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಅವಳು ಮಕ್ಕಳನ್ನು ಸಾಕುತ್ತಾಳೆ. ಪ್ಲೇಗಿಗೆ ಬೆಳೆದ ಮಕ್ಕಳಿಬ್ಬರು ಬಲಿಯಾದ ಮೇಲೂ ಉಳಿದೊಬ್ಬ ಮಗನಿಗಾಗಿ ಮತ್ತೆ ಎದ್ದು ನಿಲ್ಲುತ್ತಾಳೆ. ಅವಳ ದುಡಿಮೆಯ ಒಂದೊಂದು ವಿವರವೂ ಓದುಗನ ಕಣ್ಣಿಗೆ ಕಟ್ಟುತ್ತದೆ. ಕಾತ್ಯಾಯನಿಯೂ ಓದಿದವಳು, ಅವಳ ವಿದ್ಯೆ ಅವಳಿಗೆ ಪ್ರೇಮದ ಬಾಗಿಲನ್ನು ತೆರೆಯಿತೇ ಹೊರತು, ಅವಳು ಊರಿಕೊಂಡು ನಿಲ್ಲಬಹುದಾದ ನೆಲವಾಗಿ ಕಾದಂಬರಿಯಲ್ಲಿ ಬೆಳೆಯಲಿಲ್ಲ. ನಂಜಮ್ಮನಿಗೆ ದೊರೆತ ಲೇಖಕರ ಆ ಕಣ್ಣು ಕಾತ್ಯಾಯನಿಗೂ ದೊರೆತಿದ್ದರೆ ಅವಳ ದುರಂತಕ್ಕೆ ಇನ್ನೂ ಹೆಚ್ಚಿನ ಗಾಂಭೀರ್ಯ ಬರುತ್ತಿತ್ತು.

ಇಷ್ಟಾದರೂ ‘ವಂಶವೃಕ್ಷ’ವನ್ನು ಸಂಪ್ರದಾಯದ ವಕಾಲತ್ತೆಂದು ತಳ್ಳಿಹಾಕುವವರು ಅದರ ಕೊನೆಯ ಭಾಗವನ್ನು ಗಮನವಿಟ್ಟು ಓದಿಲ್ಲ. ಮಗನನ್ನು ಕಳೆದುಕೊಂಡ ಶ್ರೋತ್ರಿಗಳು ಮುಂದೆ ಪತ್ನಿಯನ್ನೂ ಕಳೆದುಕೊಂಡು, ಲಕ್ಷ್ಮಿಯ ನೆರವಿನಿಂದ ಮೊಮ್ಮಗನನ್ನು ಬೆಳೆಸುತ್ತಾರೆ. ಅವರ ದುಃಖನಿರ್ವಹಣೆಯ ಸಾಧನ ನಿತ್ಯಕರ್ಮ, ಅಧ್ಯಯನ, ಕರ್ತವ್ಯ. ಅವೆಲ್ಲಕ್ಕೂ ಬೇರು ವಂಶದ ಪಾವಿತ್ರ್ಯದಲ್ಲಿ ಅವರಿಟ್ಟ ವಿಶ್ವಾಸ. ಆ ಬೇರಿಗೇ ಲೇಖಕರು ಕೊಡಲಿಯಿಟ್ಟಿದ್ದಾರೆ. ತಾವು ತಂದೆಯೆಂದು ತಿಳಿದವನಿಗೆ ಹುಟ್ಟಿದವರಲ್ಲವೆಂಬ ಸತ್ಯ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಿಳಿಯುತ್ತದೆ. ಯಾವ ವಂಶದ ಹೆಸರಿನಲ್ಲಿ ತಾಯಿಮಗುವಿನ ನಡುವೆ ಗೆರೆ ಎಳೆಯಲಾಯಿತೋ ಆ ವಂಶವೇ ಕಲ್ಪಿತವೆಂದು ಸಾಬೀತಾಗುತ್ತದೆ. ಸರ್ವವನ್ನೂ ತ್ಯಜಿಸಿ ಹೊರಟ ಆ ವೃದ್ಧರು ಮರಣೋನ್ಮುಖಳಾದ ಕಾತ್ಯಾಯನಿಯ ಬಳಿಗೆ ಬರುತ್ತಾರೆ; ಮಗನೂ ಅವಳ ಬಾಯಿಗೆ ನೀರು ಬಿಡುತ್ತಾನೆ. ಅಷ್ಟು ವರ್ಷ ಬಾಗಿಲು ತೆರೆದೂ ತೆರೆಯದಂತಿದ್ದ ಮನೆ, ಕೊನೆಗೆ ತಾನೇ ಅವಳ ಹಾಸಿಗೆಯ ಬಳಿಗೆ ನಡೆದುಬಂದಂತೆ ಈ ದೃಶ್ಯ ತೋರುತ್ತದೆ. ಕಾದಂಬರಿ ನಡುವೆ ಕೊಟ್ಟ ತೀರ್ಪನ್ನು ತನ್ನ ಅಂತ್ಯದಲ್ಲಿ ತಾನೇ ಪುನರ್ವಿಚಾರಕ್ಕೆ ಒಡ್ಡುತ್ತದೆ. ವಿಪರ್ಯಾಸವೆಂದರೆ, ತೀರ್ಪು ತಿದ್ದುಪಡಿಯಾಗುವ ಹೊತ್ತಿಗೆ ಅದರ ಪ್ರಯೋಜನ ಪಡೆಯಬೇಕಾದವಳು ಉಳಿಯುವುದಿಲ್ಲ.

ಶರಣಪರಂಪರೆಯ ಓದುಗರಾದ ನಾವು ಇದನ್ನು ವೈದಿಕರ ಮನೆಯೊಂದರ ಕಥೆಯೆಂದು ಬದಿಗಿರಿಸುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ಜಾತಿ ಮುಂತಾದ ಪಂಚಸೂತಕಗಳನ್ನು ನಿರಾಕರಿಸಿದರು. ಹುಟ್ಟಿನಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವುದನ್ನು ಒಪ್ಪಲಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದ ಹೆಣ್ಣು ಗಂಡನ ಮರಣದಿಂದ ಅಮಂಗಳೆಯಾಗುವಳೆಂಬುದಕ್ಕೆ ಆ ತತ್ತ್ವದಲ್ಲಿ ಎಡೆಯೇ ಇಲ್ಲ. ಉತ್ತರ ಕರ್ನಾಟಕದ ನಮ್ಮ ಅನೇಕ ಒಳಪಂಗಡಗಳಲ್ಲಿ ‘ಉಡಿಕೆ’ಯ ಪದ್ಧತಿ ಬಹುಕಾಲದಿಂದ ನಡೆದುಬಂದುದೂ ಸತ್ಯ. ಆದರೆ ಉಡಿಕೆಯಾದವಳಿಗೆ ಮಂಗಲಕಾರ್ಯಗಳಲ್ಲಿ ಮೊದಲ ಮದುವೆಯವಳ ಮರ್ಯಾದೆ ದೊರೆಯದ ಊರುಗಳಿದ್ದವು. ಮೊದಲ ಗಂಡನ ಮಕ್ಕಳು ಆ ಮನೆತನದಲ್ಲಿಯೇ ಉಳಿಯಬೇಕೆಂಬ ರೂಢಿಯೂ ಹಲವೆಡೆ ಇತ್ತು. ಮರುಮದುವೆಗೆ ಅನುಮತಿಯಿತ್ತ ನಮ್ಮ ಸಮಾಜವೂ ತಾಯಿಮಕ್ಕಳ ವಿಷಯದಲ್ಲಿ ಶ್ರೋತ್ರಿಗಳ ಹಾದಿಯನ್ನೇ ತುಳಿಯಿತು. ತತ್ತ್ವದಲ್ಲಿ ವಂಶವನ್ನು ಮೀರಿದವರು ವ್ಯವಹಾರದಲ್ಲಿ ಅದರ ನೆರಳಿನಲ್ಲಿಯೇ ಕುಳಿತಂತಾಯಿತು.

ಇದನ್ನು ಓದುವವರಲ್ಲಿ ಮನೆಯ ಹಿರಿಯರಿದ್ದಾರೆ. ಊರಿನಲ್ಲಿ ನಾಲ್ಕು ಜನರ ನ್ಯಾಯ ಹೇಳುವವರಿದ್ದಾರೆ. ಮಗನನ್ನು ಕಳೆದುಕೊಂಡ ಅಜ್ಜ ಅಜ್ಜಿಯರಿಗೆ ಮೊಮ್ಮಗನೇ ಕಣ್ಣಾಗಿರುವುದು ಸಹಜ. ಅವರ ದುಃಖವೂ ಸಣ್ಣದಲ್ಲ. ಆದರೂ ತರುಣಿಯಾದ ಸೊಸೆ ಮತ್ತೆ ಬದುಕು ಕಟ್ಟಿಕೊಳ್ಳಲು ಹೊರಟಾಗ, ಮಗು ಯಾರದೆಂದು ಕೇಳುವ ಮೊದಲು ಮಗುವಿಗೆ ಯಾರು ಯಾರು ಬೇಕೆಂದು ಕೇಳುವುದು ಮೇಲು. ಮಗುವಿಗೆ ತಾಯಿಯೂ ಬೇಕು, ಅಜ್ಜನೂ ಬೇಕು, ತೀರಿಹೋದ ತಂದೆಯ ನೆನಪೂ ಬೇಕು. ಇವುಗಳಲ್ಲಿ ಒಂದನ್ನು ಆರಿಸಿಕೊ ಎಂದು ಅದರ ಮುಂದೆ ತಟ್ಟೆ ಇಡುವ ಅಧಿಕಾರ ಯಾರಿಗೂ ಇಲ್ಲ. ಹೆಂಡತಿಯನ್ನು ಕಳೆದುಕೊಂಡ ಮಗನಿಗೆ ಮಗುವಿನ ಸಲುವಾಗಿ ಮದುವೆಯಾಗು ಎನ್ನುವ ನಾಲಗೆ, ಗಂಡನನ್ನು ಕಳೆದುಕೊಂಡ ಸೊಸೆಗೂ ಅದೇ ಮಾತನ್ನು ಹೇಳಲು ಕಲಿಯಬೇಕು. ಹಾಗೆ ಹೇಳಿ, ಮೊಮ್ಮಗನ ಕೈಹಿಡಿದು ಅವಳ ಹೊಸ ಮನೆಯವರೆಗೆ ತಾವೇ ಹೋಗಿ ಬಿಟ್ಟುಬರುವ ಅಜ್ಜ ಶ್ರೋತ್ರಿಗಳಿಗಿಂತ ದೊಡ್ಡವನಾಗುತ್ತಾನೆ.