ಮೊದಲು ಮೌಸ್ ಬಿಡಿ

ಫೈಲ್ ಡಿಲೀಟ್ ಆಗಿಹೋಯಿತೆಂದು ಗಾಬರಿಯಲ್ಲಿ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಮೌಸ್ ಬಿಡಿ. ಏನನ್ನೂ ಒತ್ತಬೇಡಿ, ಏನನ್ನೂ ಡೌನ್‌ಲೋಡ್ ಮಾಡಬೇಡಿ. ಈ ಮಾತು ಯಾರಿಗೂ ಹಿಡಿಸುವುದಿಲ್ಲ. ಮಗಳ ಮದುವೆಯ ಫೋಟೋಗಳು ಕಣ್ಣೆದುರೇ ಮಾಯವಾದಾಗ ಕೈಕಟ್ಟಿ ಕೂರುವುದು ಸುಲಭವಲ್ಲ. ಬಹಳ ಜನ ಫೋನ್ ಇಟ್ಟ ಕೂಡಲೇ ಬ್ರೌಸರ್ ತೆರೆದು, ಕಣ್ಣಿಗೆ ಬಿದ್ದ ಯಾವುದೋ ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವ್‌ಗೆ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ಡಿಲೀಟ್ ಆದಾಗ ಉಳಿದಿದ್ದ ಫೈಲು ನಿಜವಾಗಿ ಹಾಳಾಗುವುದು ಆ ಹೊತ್ತಿನಲ್ಲಿ.

ಕಾರಣ ಸರಳವಾಗಿದೆ. ಡಿಲೀಟ್ ಒತ್ತಿದಾಗ ಕಂಪ್ಯೂಟರ್ ಫೈಲನ್ನು ಒರೆಸುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂದು ತಾನು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಆ ಜಾಗ ಇನ್ನು ಖಾಲಿ ಎಂದು ದಾಖಲಿಸಿಕೊಳ್ಳುತ್ತದೆ. ಪಹಣಿಯಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಕಾಣೆಯಾಗುವುದಿಲ್ಲ. ಬೇರೆಯವರು ಬಂದು ಉತ್ತು ಬಿತ್ತಿದಾಗ ಹೋಗುತ್ತದೆ. ಬ್ರೌಸರ್ ತೆರೆದರೂ ಸಾಕು, ಅದು ತನ್ನ ಕ್ಯಾಶ್ ಬರೆಯುತ್ತದೆ. ವಿಂಡೋಸ್ ತನ್ನ ಪಾಡಿಗೆ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ಇವೆಲ್ಲ ಹೋಗಿ ಕೂರುವುದು ಖಾಲಿ ಎಂದು ದಾಖಲಾದ ಜಾಗದಲ್ಲೇ. ಹೋದ ಫೈಲ್ ಸಿ ಡ್ರೈವ್‌ನಲ್ಲಿದ್ದರೆ ಕಂಪ್ಯೂಟರನ್ನೇ ಬಂದ್ ಮಾಡಿ. ಪೆನ್‌ಡ್ರೈವ್‌ನಲ್ಲೋ ಕ್ಯಾಮೆರಾದ ಕಾರ್ಡ್‌ನಲ್ಲೋ ಇದ್ದರೆ ಅದನ್ನು ತೆಗೆದು ಪಕ್ಕಕ್ಕಿಡಿ.

ಅಳಿಸಿಹೋದ ಫೈಲನ್ನು ವಾಪಸು ತರುವ ಈ ಹವ್ಯಾಸದ ಸೊಗಸು ನನಗೆ ಮೊದಲು ಕಂಡದ್ದು ಡಾಸ್‌ನ ಅನ್‌ಡಿಲೀಟ್ ಆಜ್ಞೆಯಲ್ಲಿ. ಅದು ಕಳೆದುಹೋದ ಫೈಲನ್ನು ಹುಡುಕಿಕೊಟ್ಟು, ‘ಇದರ ಹೆಸರಿನ ಮೊದಲ ಅಕ್ಷರ ಯಾವುದು, ಹೇಳಿ’ ಎಂದು ಕೇಳುತ್ತಿತ್ತು. ಉಳಿದ ಅಕ್ಷರಗಳೆಲ್ಲ ಪರದೆಯ ಮೇಲೆ ಕಾಣುತ್ತಿರುವಾಗ ಮೊದಲನೆಯದು ಮಾತ್ರ ಏಕೆ ಗೊತ್ತಿಲ್ಲ? ಫ್ಯಾಟ್ ಎಂಬ ಆ ಹಳೆಯ ವ್ಯವಸ್ಥೆಯಲ್ಲಿ ಡಿಲೀಟ್ ಎಂದರೆ ಹೆಸರಿನ ಮೊದಲ ಅಕ್ಷರದ ಮೇಲೆ ‘ಇ5’ ಎಂಬ ಒಂದು ಬೈಟ್ ಬರೆಯುವುದು. ಹೆಸರಿನ ಉಳಿದ ಭಾಗ, ಫೈಲಿನ ಗಾತ್ರ, ಅದು ಶುರುವಾಗುವ ಜಾಗ, ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. 1982ರಲ್ಲಿ ಪೀಟರ್ ನಾರ್ಟನ್ ಹೊರತಂದ ನಾರ್ಟನ್ ಯುಟಿಲಿಟೀಸ್‌ಗೆ ಹೆಸರು ತಂದುಕೊಟ್ಟದ್ದು ಈ ಗುಟ್ಟನ್ನು ಬಳಸಿಕೊಂಡ ಅನ್‌ಇರೇಸ್. 1991ರ ಎಂಎಸ್-ಡಾಸ್ 5ರ ಹೊತ್ತಿಗೆ ಮೈಕ್ರೋಸಾಫ್ಟೇ ಅಂಥದ್ದೊಂದು ಸೌಲಭ್ಯ ಸೇರಿಸಿತು.

ಫ್ಯಾಟ್‌ಗೆ ಒಂದು ಕೊರತೆಯಿತ್ತು. ಫೈಲಿನ ಒಂದು ತುಂಡಿನಿಂದ ಮುಂದಿನ ತುಂಡಿಗೆ ದಾರಿ ತೋರುವ ಸರಪಳಿಯನ್ನು ಅದು ಡಿಲೀಟ್ ಮಾಡುವಾಗ ಅಳಿಸಿಬಿಡುತ್ತಿತ್ತು. ಹೀಗಾಗಿ ರಿಕವರಿ ಮಾಡುವ ಸಾಫ್ಟ್‌ವೇರ್, ಫೈಲ್ ಒಂದೇ ಸಾಲಿನಲ್ಲಿ ಎಡೆಬಿಡದೆ ಇದ್ದಿರಬೇಕು ಎಂದು ಊಹಿಸಿಕೊಂಡು ಮುಂದುವರಿಯಬೇಕಿತ್ತು. ಕ್ಯಾಮೆರಾ ಕಾರ್ಡಿನ ಫೋಟೋಗಳು ಇಂದಿಗೂ ಚೆನ್ನಾಗಿ ವಾಪಸು ಬರುವುದಕ್ಕೆ ಇದೇ ಕಾರಣ: ಕ್ಯಾಮೆರಾ ಒಂದಾದ ಮೇಲೊಂದರಂತೆ ಸಾಲಾಗಿ ಬರೆಯುತ್ತದೆ, ಊಹೆ ಬಹುಮಟ್ಟಿಗೆ ನಿಜವಾಗುತ್ತದೆ. ಇಂದಿನ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಇನ್ನೂ ಉದಾರಿ. ಪ್ರತಿ ಫೈಲಿಗೂ ಅದು ಸಾಮಾನ್ಯವಾಗಿ ಒಂದು ಕಿಲೋಬೈಟಿನ ದಾಖಲೆ ಇಟ್ಟಿರುತ್ತದೆ. ಡಿಲೀಟ್ ಮಾಡಿದಾಗ ‘ಬಳಕೆಯಲ್ಲಿದೆ’ ಎಂಬ ಗುರುತು ಮಾತ್ರ ಹೋಗುತ್ತದೆ. ಹೆಸರು, ತಾರೀಖು, ತುಂಡುಗಳ ಪೂರ್ತಿ ಪಟ್ಟಿ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಫೈಲ್ ತೀರ ಚಿಕ್ಕದಾಗಿದ್ದರೆ, ಅಂದರೆ ನಾಲ್ಕು ಸಾಲಿನ ಟಿಪ್ಪಣಿಯಾಗಿದ್ದರೆ, ಅದರ ಒಳಗಿನ ಬರಹವೂ ಆ ದಾಖಲೆಯಲ್ಲೇ ಕೂತಿರುತ್ತದೆ. ಆದರೆ ಹೊಸ ಫೈಲೊಂದು ಹುಟ್ಟಿದಾಗ ವಿಂಡೋಸ್ ಆ ದಾಖಲೆಯನ್ನೇ ಎತ್ತಿ ಅದಕ್ಕೆ ಕೊಟ್ಟರೆ ಮುಗಿಯಿತು.

ಅಷ್ಟು ಆಳಕ್ಕೆ ಇಳಿಯುವ ಮುನ್ನ ಸುಲಭದ ಜಾಗಗಳನ್ನು ನೋಡಿಬಿಡಿ. ರೀಸೈಕಲ್ ಬಿನ್ ಸರಿ. ಆದರೆ ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದು ಅಲ್ಲಿಗೆ ಹೋಗುವುದಿಲ್ಲ, ಪೆನ್‌ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಹೋಗುವುದಿಲ್ಲ. ಸೇವ್ ಮಾಡದೆ ಮುಚ್ಚಿದ ವರ್ಡ್ ಫೈಲಿಗೆ ವರ್ಡ್‌ನಲ್ಲೇ ‘ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್’ ಇದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನ ಕಾಯುತ್ತದೆ, ವೈಯಕ್ತಿಕ ಖಾತೆಯ ಒನ್‌ಡ್ರೈವ್ ಕೂಡ ಅಷ್ಟೇ. ಇದನ್ನೆಲ್ಲ ಬೇರೆ ಕಂಪ್ಯೂಟರಿನಿಂದಲೋ ಫೋನಿನಿಂದಲೋ ನೋಡಬಹುದಾದರೆ ಹಾಗೆಯೇ ನೋಡಿ.

ಅಲ್ಲೆಲ್ಲೂ ಸಿಗದಿದ್ದಾಗ ನಿಜವಾದ ಕೆಲಸ ಶುರು. ಇಲ್ಲಿ ನನ್ನ ಹಟ ಒಂದೇ: ಮೂಲ ಡಿಸ್ಕ್ ಮೇಲೆ ನೇರವಾಗಿ ಕೆಲಸ ಮಾಡಬಾರದು. ಡಿಸ್ಕನ್ನು ಕಳಚಿ, ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಮೂಲಕ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಖಾಲಿ ಎಂದು ದಾಖಲಾದ ಜಾಗವೂ ಸೇರಿದಂತೆ ಇಡೀ ಡಿಸ್ಕಿನ ನಕಲು ತೆಗೆಯಬೇಕು. ಕಾಪಿ-ಪೇಸ್ಟ್ ಮಾಡಿದರೆ ಬರುವುದು ಕಣ್ಣಿಗೆ ಕಾಣುವ ಫೈಲುಗಳು ಮಾತ್ರ. ನಮಗೆ ಬೇಕಿರುವುದು ಕಾಣದಿರುವುದು. ಲಿನಕ್ಸ್‌ನಲ್ಲಿ ಸಿಗುವ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವನ್ನು ಮೀರಿಸಿದ್ದು ನನಗಿನ್ನೂ ಕಂಡಿಲ್ಲ. ಆಂಟೋನಿಯೋ ಡಿಯಾಜ್ ಡಿಯಾಜ್ ಬರೆದ ಈ ಸಾಧನ ಡಿಸ್ಕಿನ ಕೆಟ್ಟ ಜಾಗ ಎದುರಾದರೆ ಅಲ್ಲೇ ಹೆಣಗಾಡುತ್ತ ಕೂರುವುದಿಲ್ಲ. ಅದನ್ನು ದಾಟಿ, ಮೊದಲು ಚೆನ್ನಾಗಿರುವುದನ್ನೆಲ್ಲ ಎತ್ತಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮರಳುತ್ತದೆ. ಎಲ್ಲೆಲ್ಲಿ ಓದಿಯಾಯಿತು, ಎಲ್ಲಿ ಬಾಕಿ ಇದೆ ಎಂದು ಒಂದು ನಕ್ಷೆಯನ್ನೂ ಬರೆದಿಡುತ್ತದೆ. ರಾತ್ರಿ ಕರೆಂಟು ಹೋದರೆ ಬೆಳಗ್ಗೆ ಅಲ್ಲಿಂದಲೇ ಮುಂದುವರಿಸಬಹುದು. ಸಾಯುತ್ತಿರುವ ಡಿಸ್ಕನ್ನು ಅಷ್ಟು ಜೋಪಾನವಾಗಿ ನಡೆಸಿಕೊಳ್ಳುವ ಸಾಧನ ಅದು.

ಡಿಸ್ಕ್ ಜೋಡಿಸಿದ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಬಹುದು. ಬೇಡ ಎನ್ನಿ. ಚೆಕ್‌ಡಿಸ್ಕ್ ಓಡಿಸಲೂ ಬೇಡಿ. ಅದರ ಉದ್ದೇಶ ಡಿಸ್ಕಿನ ಲೆಕ್ಕವನ್ನು ಸರಿದೂಗಿಸುವುದು, ನಿಮ್ಮ ಫೈಲನ್ನು ಉಳಿಸುವುದು ಅದರ ಕೆಲಸದಲ್ಲಿ ಸೇರಿಲ್ಲ. ಆಗಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ ಅದು ಕ್ವಿಕ್ ಫಾರ್ಮ್ಯಾಟೋ ಪೂರ್ತಿಯೋ ನೆನಪು ಮಾಡಿಕೊಳ್ಳಿ. ಕ್ವಿಕ್ ಆಗಿದ್ದರೆ ಹೊಸ ಪಟ್ಟಿ ಮಾತ್ರ ಬರೆದಿರುತ್ತದೆ, ಆಸೆ ಇಟ್ಟುಕೊಳ್ಳಬಹುದು. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಇಡೀ ಜಾಗದ ಮೇಲೆ ಸೊನ್ನೆ ಬರೆಯುವುದು. ಅದಾದ ಮೇಲೆ ಏನೂ ಇಲ್ಲ.

ನಕಲು ಕೈಗೆ ಬಂದ ಮೇಲೆ ಎರಡು ದಾರಿ. ಮೊದಲನೆಯದು ಉಳಿದ ಪಟ್ಟಿಯನ್ನು ಓದಿ ಹುಡುಕುವುದು. ರೆಕುವಾ, ಟೆಸ್ಟ್‌ಡಿಸ್ಕ್, 2020ರಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟ ವಿಂಡೋಸ್ ಫೈಲ್ ರಿಕವರಿ, ಇವೆಲ್ಲ ಹಾಗೆ ಮಾಡಬಲ್ಲವು. ಸಿಕ್ಕಿದರೆ ಹೆಸರು, ಫೋಲ್ಡರ್ ಸಮೇತ ಸಿಗುತ್ತದೆ. ಪಟ್ಟಿಯೇ ಹೋಗಿದ್ದಾಗ ಎರಡನೆಯ ದಾರಿ, ನನಗೆ ತುಂಬ ಪ್ರಿಯವಾದದ್ದು. ಪಟ್ಟಿಯನ್ನು ಮರೆತು, ಡಿಸ್ಕಿನ ಮೊದಲ ಬೈಟಿನಿಂದ ಕೊನೆಯವರೆಗೆ ಓದುತ್ತ, ಫೈಲುಗಳ ತಲೆಗುರುತು ಹುಡುಕುವುದು. ಪ್ರತಿ ಜೆಪೆಗ್ ಚಿತ್ರವೂ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂದು ಶುರುವಾಗಿ ‘ಎಫ್‌ಎಫ್ ಡಿ9’ ಎಂದು ಮುಗಿಯುತ್ತದೆ. ಪಿಡಿಎಫ್ ತನ್ನ ಹೆಸರನ್ನೇ ತಲೆಯ ಮೇಲೆ ಬರೆದುಕೊಂಡಿರುತ್ತದೆ. ಇಂದಿನ ವರ್ಡ್ ಫೈಲ್ ಒಳಗಿನಿಂದ ಒಂದು ಜಿಪ್. ಅದರ ಮೊದಲೆರಡು ಅಕ್ಷರ ‘ಪಿಕೆ’, ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಕ್ರಿಸ್ಟೋಫ್ ಗ್ರೆನಿಯೇ ಅವರ ಫೋಟೋರೆಕ್ 480ಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ಹೀಗೆ ಗುರುತಿಸುತ್ತದೆ, ಅದೂ ಬಿಡಿಗಾಸು ಕೇಳದೆ. ಹೆಸರಿನಲ್ಲಿ ಫೋಟೋ ಇದ್ದರೂ ಅದು ಎಲ್ಲವನ್ನೂ ಹುಡುಕುತ್ತದೆ. ಜಾಹೀರಾತಿನಿಂದ ಮರುಳು ಮಾಡಿ ಹಣ ಕೇಳುವ ಎಷ್ಟೋ ಸಾಫ್ಟ್‌ವೇರ್‌ಗಳಿಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.

ಈ ದಾರಿಯಲ್ಲಿ ಬಂದ ಫೈಲುಗಳಿಗೆ ಹಳೆಯ ಹೆಸರಿರುವುದಿಲ್ಲ, ಬರೀ ಸಂಖ್ಯೆಗಳ ರಾಶಿ. ಫೋಟೋಗಳಾದರೆ ತೆಗೆದ ತಾರೀಖು ಚಿತ್ರದೊಳಗೇ ಅಡಗಿರುವುದರಿಂದ ಅದನ್ನು ಹಿಡಿದು ವಿಂಗಡಿಸಬಹುದು. ತುಂಡುತುಂಡಾಗಿ ಚದುರಿದ್ದ ದೊಡ್ಡ ಫೈಲುಗಳು, ಮುಖ್ಯವಾಗಿ ವಿಡಿಯೋಗಳು, ಅರ್ಧಕ್ಕೇ ನಿಲ್ಲುತ್ತವೆ. ಅದಕ್ಕೆ ಮನೆಮಟ್ಟದಲ್ಲಿ ಸುಲಭದ ಪರಿಹಾರವಿಲ್ಲ.

ಎಸ್‌ಎಸ್‌ಡಿ ಬಂದಮೇಲೆ ಈ ವಿದ್ಯೆಯ ಅರ್ಧ ಬಲ ಹೋಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ವಿಂಡೋಸ್ 7ರಿಂದ, ಅಂದರೆ 2009ರಿಂದ, ಫೈಲ್ ಡಿಲೀಟ್ ಆದ ಕೂಡಲೇ ವಿಂಡೋಸ್ ಟ್ರಿಮ್ ಎಂಬ ಆಜ್ಞೆಯ ಮೂಲಕ ‘ಈ ಜಾಗ ಇನ್ನು ಬೇಡ’ ಎಂದು ಎಸ್‌ಎಸ್‌ಡಿಗೆ ತಿಳಿಸಿಬಿಡುತ್ತದೆ. ಆಮೇಲೆ ಆ ಜಾಗ ಓದಿದರೆ ಬಹುತೇಕ ಸೊನ್ನೆಗಳೇ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಿಂದ ಶಿಫ್ಟ್-ಡಿಲೀಟ್ ಮಾಡಿದ್ದನ್ನು ಖಂಡಿತ ತರುತ್ತೇವೆ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಗೂಢಲಿಪಿಯಲ್ಲಿರುತ್ತದೆ; ಯಂತ್ರ ಕೆಟ್ಟು ಡಿಸ್ಕ್ ಕಳಚಿ ಓದಬೇಕಾದರೆ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಬೇಕು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಇಂದೇ ನೋಡಿ ಬರೆದಿಟ್ಟುಕೊಳ್ಳಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಅದೂ ಮನೆಯ ಕೆಲಸವಲ್ಲ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮುಚ್ಚಳ ತೆಗೆದರೆ ಒಳಸೇರುವ ಧೂಳಿನ ಕಣ ಅದಕ್ಕಿಂತ ದೊಡ್ಡದು. ತಕ್ಷಣ ಬಂದ್ ಮಾಡಿ, ಕ್ಲೀನ್ ರೂಮ್ ಇರುವ ಕಡೆಗೆ ಒಯ್ಯಿರಿ.

ನಾನು ಇಷ್ಟೆಲ್ಲ ಬರೆಯಲು ಕಾರಣವಾದದ್ದು ಕನ್ನಡದ ಫೈಲುಗಳು. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್ ತಂದಿದ್ದರು. ಅದರಲ್ಲಿದ್ದದ್ದು ಅವರು ತಮ್ಮ ಸೀಮೆಯ ಹೆಂಗಸರಿಂದ ಕೇಳಿ ಟೈಪ್ ಮಾಡಿಸಿದ್ದ ಸೋಬಾನೆ ಪದಗಳು. ಫೈಲುಗಳು ಬಂದವು. ತೆರೆದು ನೋಡಿದವರೇ ಮುಖ ಚಿಕ್ಕದು ಮಾಡಿಕೊಂಡು, “ಎಲ್ಲಾ ಕೆಟ್ಟುಹೋಗಿದೆ ಬಿಡಿ ಸ್ವಾಮಿ, ಸುಮ್ಮನೆ ನಿಮಗೆ ತೊಂದರೆ” ಎಂದರು. ಪರದೆಯ ತುಂಬ ರೋಮನ್ ಅಕ್ಷರ, ಅವುಗಳ ನೆತ್ತಿಯ ಮೇಲೆ ಓರೆಗೀಟು, ನಡುನಡುವೆ ಪೌಂಡಿನ ಚಿಹ್ನೆ. “ಏನೂ ಕೆಟ್ಟಿಲ್ಲ ಮೇಷ್ಟ್ರೇ, ಇದು ನುಡಿ. ಫಾಂಟ್ ಹಾಕಿದರೆ ಓದಬಹುದು” ಎಂದೆ. ಫಾಂಟ್ ಹಾಕಿದಾಗ ಪದಗಳು ಸಾಲುಸಾಲಾಗಿ ಬಂದವು.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಕನ್ನಡವಾಗಿರಲಿಲ್ಲ. ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ತಲಕಟ್ಟು, ಒತ್ತು, ಗುಡಿಸುಗಳ ಆಕಾರ ಕೂರಿಸಿ ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ನುಡಿಯಲ್ಲಿ ಪೌಂಡ್ ಚಿಹ್ನೆಯ ಜಾಗ ‘ನ’ ಅಕ್ಷರದ್ದು. ಓರೆಗೀಟು ಹೊತ್ತ ಎ ಅಕ್ಷರ ತಲಕಟ್ಟು. ಇವೆರಡು ಮತ್ತೆ ಮತ್ತೆ ಜೊತೆಗೂಡಿ ಕಂಡರೆ ಆ ಫೈಲ್ ಕನ್ನಡ ಎಂದು ನೆಚ್ಚಬಹುದು. ಇದು ಗೊತ್ತಿಲ್ಲದೆ, ವಾಪಸು ಬಂದ ಫೈಲುಗಳನ್ನು ‘ಕರಪ್ಟ್’ ಎಂದು ಎರಡನೆಯ ಸಲ ಅಳಿಸಿದವರನ್ನು ಕಂಡಿದ್ದೇನೆ.

ಯೂನಿಕೋಡ್ ಕನ್ನಡಕ್ಕೂ ಒಂದು ಗುರುತಿದೆ. ಸಾದಾ ಪಠ್ಯದ ಫೈಲಿಗೆ ಜೆಪೆಗ್‌ನಂತೆ ತಲೆಗುರುತಿಲ್ಲ. ಆದರೆ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್, ಅವುಗಳಲ್ಲಿ ಮೊದಲೆರಡು ಯಾವಾಗಲೂ ‘ಇ0 ಬಿ2’ ಅಥವಾ ‘ಇ0 ಬಿ3’. ಡಿಸ್ಕಿನ ನಕಲಿನಲ್ಲಿ ಈ ಜೋಡಿ ದಟ್ಟವಾಗಿ ಎಲ್ಲಿ ಬರುತ್ತದೋ ಅಲ್ಲಿ ಕನ್ನಡ ಬರಹವಿದೆ. ಹೆಸರು, ಪಟ್ಟಿ ಎಲ್ಲ ಹೋದಮೇಲೂ ಈ ಗುರುತಿನಿಂದ ಹಿಡಿದು ತೆಗೆದ ಟಿಪ್ಪಣಿಗಳು ನನ್ನ ಬಳಿ ಇವೆ. ಜಿಪ್ ಆಗಿ ಅಡಕಗೊಂಡ ವರ್ಡ್ ಫೈಲುಗಳಲ್ಲಿ ಮಾತ್ರ ಇದು ಕೆಲಸ ಮಾಡದು, ಅದಕ್ಕೆ ‘ಪಿಕೆ’ಯನ್ನೇ ಹುಡುಕಬೇಕು.

ನಾವು ಕೊಟ್ಟು ಕೈತೊಳೆದುಕೊಳ್ಳುವ ಡಿಸ್ಕಿನಿಂದಲೂ ಇದೇ ವಿದ್ಯೆಯಿಂದ ಫೈಲುಗಳನ್ನು ಎತ್ತಬಹುದು. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 158 ಹಳೆಯ ಹಾರ್ಡ್‌ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಸಾಕ್ಷಿ. ಸರಿಯಾಗಿ ಒರೆಸಿದ್ದು ಕೆಲವೇ ಡಿಸ್ಕುಗಳು. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಖಾಸಗಿ ಪತ್ರಗಳು, ವೈದ್ಯಕೀಯ ವಿವರಗಳು ಇದ್ದವು. ಹಳೆಯ ಕಂಪ್ಯೂಟರ್ ಮಾರುವ ಮುನ್ನ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ.

ಆದರೆ ಮಾರುವುದಕ್ಕೂ ಮುಂಚೆ ಒಳಗೇನಿದೆ ನೋಡಿ. ನಮ್ಮ ಲೇಖಕರ, ಮೇಷ್ಟ್ರುಗಳ, ಡಿಟಿಪಿ ಅಂಗಡಿಯವರ ಮನೆಗಳಲ್ಲಿ ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರುಗಳು ಅಟ್ಟ ಸೇರಿವೆ. ಅವುಗಳಲ್ಲಿ ಅಚ್ಚಾಗದ ಕಾದಂಬರಿ, ಊರಿನ ಇತಿಹಾಸ, ಪದಸಂಗ್ರಹಗಳಿವೆ. ಬಳಸದೆ ಇಟ್ಟ ಹಾರ್ಡ್‌ಡಿಸ್ಕ್ ಚಿರಕಾಲ ಬಾಳುವುದಿಲ್ಲ, ಅಗಲಪಟ್ಟಿಯ ಹಳೆಯ ಐಡಿಇ ಕೇಬಲ್ ಹಾಕುವ ಜಾಗ ಹೊಸ ಯಂತ್ರಗಳಲ್ಲಿಲ್ಲ. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೇಳಿ ನೋಡಿ. ತಂದು, ಡಿಸ್ಕಿನ ನಕಲು ತೆಗೆದು, ನುಡಿಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿ ಎರಡು ಕಡೆ ಇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರದೆಯ ಮೇಲೆ ಅರ್ಥವಾಗದ ಅಕ್ಷರ ಕಂಡರೆ ಅಳಿಸಬೇಡಿ. ಮೊದಲು ನುಡಿ ಫಾಂಟ್ ಹಾಕಿ ನೋಡಿ.