ಓದುಗನ್ನಡ ಬಲ್ಲ ಯಂತ್ರ

2017ರಲ್ಲಿ ಗೂಗಲ್ ಸಂಸ್ಥೆಯು ಧ್ವನಿಯಿಂದ ಬರೆಯಿಸುವ ಸೌಕರ್ಯವನ್ನು ಕನ್ನಡಕ್ಕೂ ವಿಸ್ತರಿಸಿದಂದಿನಿಂದ ನಮ್ಮ ನುಡಿಗೆ ಯಂತ್ರಲೋಕದಲ್ಲಿ ಪ್ರವೇಶ ದೊರೆತಿದೆಯೆಂಬುದು ನಿರ್ವಿವಾದ. ಆದರೆ ಪ್ರವೇಶ ದೊರೆತದ್ದು ಯಾವ ಕನ್ನಡಕ್ಕೆ ಎಂದು ಕೇಳದೆ ಆಡಿದ ಮಾತನ್ನು ಗ್ರಹಿಸುವ ಧ್ವನಿಸಹಾಯಕಗಳ ಯೋಗ್ಯತೆಯನ್ನು ನಿರ್ಣಯಿಸುವುದು ಸಾಧುವಲ್ಲ. ವಾರ್ತೆ ಓದುವವರ ಧಾಟಿಯಲ್ಲಿ, ಪ್ರತ್ಯಯಗಳನ್ನೆಲ್ಲ ಪೂರ್ಣವಾಗಿ ಉಚ್ಚರಿಸಿ ಆಡಿದ ವಾಕ್ಯವನ್ನು ಯಂತ್ರವು ಬಹುಮಟ್ಟಿಗೆ ಸರಿಯಾಗಿಯೇ ಗ್ರಹಿಸುತ್ತದೆ. ಧಾರವಾಡದ ಕಡೆಯವರು ‘ಮಾಡಾಕತ್ತೀನಿ’ ಎಂದಾಗಲೂ, ಚಾಮರಾಜನಗರದ ಸೀಮೆಯವರು ಹಕಾರವನ್ನು ಬಿಟ್ಟು ‘ಆಲು’ ಕೇಳಿದಾಗಲೂ, ಕುಂದಾಪುರದವರು ಬರಬೇಕೆಂಬುದನ್ನು ‘ಬರ್ಕ್’ ಎಂದು ಮೊಟಕಿಸಿದಾಗಲೂ ಅದು ತಡವರಿಸುತ್ತದೆ. ತಡವರಿಸಲಿ, ಅದು ಕ್ಷಮ್ಯ. ಅಪರಿಚಿತ ರೂಪವನ್ನು ತಾನು ಬಲ್ಲ ಬೇರಾವುದೋ ಪದವನ್ನಾಗಿ ಮಾರ್ಪಡಿಸಿ, ವ್ಯಾಕರಣಶುದ್ಧವಾದರೂ ಆಡಿದವರ ಆಶಯಕ್ಕೆ ದೂರವಾದ ವಾಕ್ಯವನ್ನು ನಿಸ್ಸಂಕೋಚವಾಗಿ ಮುಂದಿಡುವ ಚಾಳಿಯೇ ನನಗೆ ಹೆಚ್ಚು ಆಕ್ಷೇಪಾರ್ಹವೆನಿಸುತ್ತದೆ.

ಈ ದೋಷದ ಮೂಲ ಯಂತ್ರದ ಕಲಿಕೆಯಲ್ಲಿದೆ. ಅದು ಬೆಳಕಿಗೆ ಬಾರದಿರುವುದಕ್ಕೆ ಕಾರಣ ಪರೀಕ್ಷೆಯಲ್ಲಿದೆ. 102 ಭಾಷೆಗಳನ್ನೊಳಗೊಂಡು 2022ರಲ್ಲಿ ಹೊರಬಂದು ಬಹುವಾಗಿ ಬಳಕೆಯಲ್ಲಿರುವ ‘ಫ್ಲೂರ್ಸ್’ ಎಂಬ ಪರೀಕ್ಷಾಸಂಗ್ರಹದಲ್ಲಿ ಕನ್ನಡವೂ ಉಂಟು; ಆದರೆ ಅಲ್ಲಿರುವುದು ಅನುವಾದಿತ ವಾಕ್ಯಗಳನ್ನು ಕಣ್ಣೆದುರಿಗಿಟ್ಟುಕೊಂಡು ಓದಿದ ಧ್ವನಿ, ಸಂತೆಯಲ್ಲಿಯೋ ಬಸ್ಸಿನಲ್ಲಿಯೋ ಆಡಿದ ಮಾತಲ್ಲ. ಅಳತೆಗೋಲಾದರೋ ಇನ್ನೂ ವಿಚಿತ್ರ: ನೂರು ಪದಗಳಲ್ಲಿ ತಪ್ಪಿದವೆಷ್ಟೆಂದು ಎಣಿಸುವ ಈ ಕ್ರಮದಲ್ಲಿ, ‘ಮನೆಯವರಿಗಾದರೂ’ ಎಂಬ ದೀರ್ಘಪದದ ಕೊನೆಯ ಸ್ವರ ಜಾರಿದರೂ ಒಂದು ತಪ್ಪು, ‘ಬೇಡ’ವೆಂಬುದು ‘ಬೇಕು’ ಆಗಿ ಅರ್ಥವೇ ತಲೆಕೆಳಗಾದರೂ ಒಂದೇ ತಪ್ಪು.

ಆಡುನುಡಿಯ ಭೇದಗಳೆದುರು ಯಂತ್ರ ಹೀಗೆ ಎಡವುವುದು ಸಣ್ಣ ಭಾಷೆಗಳ ದೌರ್ಭಾಗ್ಯವೆಂದು ಮಾತ್ರ ತಿಳಿಯಲಾಗದು. ಅಮೆರಿಕೆಯ ಐದು ಪ್ರಮುಖ ಸಂಸ್ಥೆಗಳ ಧ್ವನಿಗ್ರಹಣ ವ್ಯವಸ್ಥೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿಯರ ಇಂಗ್ಲಿಷಿನಲ್ಲಿ ಸರಾಸರಿ ನೂರಕ್ಕೆ 19 ಪದಗಳು ತಪ್ಪಿದರೆ ಕರಿಯರ ಇಂಗ್ಲಿಷಿನಲ್ಲಿ 35 ತಪ್ಪಿದ್ದುವು. 2011ರ ಜನಗಣತಿಯಂತೆ 18 ಲಕ್ಷಕ್ಕೂ ಮಿಕ್ಕ ಜನರ ಮಾತೃಭಾಷೆಯಾದ ತುಳುವಿಗಂತೂ, ತಪ್ಪುಗಳನ್ನು ಎಣಿಸಿಕೊಳ್ಳುವ ಭಾಗ್ಯವೂ ಈ ಸಹಾಯಕಗಳಲ್ಲಿ ಒದಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ಲಿನ ನೆರವಿನೊಡನೆ ನಡೆಸುತ್ತಿರುವ ‘ವಾಣಿ’ ಯೋಜನೆ ಹಿಡಿದಿರುವ ಮಾರ್ಗ ಮಾತ್ರ ಶ್ಲಾಘನೀಯ. ಅಲ್ಲಿ ಭಾಷೆಯ ಹೆಸರಿನ ಬದಲು ಜಿಲ್ಲೆಯನ್ನು ಆಧಾರವಾಗಿಟ್ಟುಕೊಂಡು, ಜನರ ಮುಂದೆ ಚಿತ್ರಗಳನ್ನಿರಿಸಿ, ಅವರು ತಮಗೆ ತೋಚಿದಂತೆ ಆಡಿದ ಮಾತನ್ನು ಸಂಗ್ರಹಿಸುತ್ತಾರೆ. ಪರೀಕ್ಷೆಯೂ ಇದೇ ಕ್ರಮವನ್ನು ಅನುಸರಿಸಿ, ಕಲಬುರಗಿಗೆ ಎಷ್ಟು, ಕುಂದಾಪುರಕ್ಕೆ ಎಷ್ಟು ಎಂದು ಫಲವನ್ನು ಪ್ರತ್ಯೇಕವಾಗಿ ತೋರಿಸುವವರೆಗೆ, ಸಮಗ್ರ ಕನ್ನಡಕ್ಕೆಂದು ಘೋಷಿಸುವ ಒಂದೇ ಅಂಕವನ್ನು ನಾನು ವಾಚನಪರೀಕ್ಷೆಯ ಅಂಕವೆಂದಷ್ಟೇ ಗಣಿಸುತ್ತೇನೆ.