ಹಾಫ್ ಕ್ಲಚ್ಚಿನ ಅಪಖ್ಯಾತಿ

ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಅಮ್ಮಸಂದ್ರದ ಆಸುಪಾಸಿನ ಹುಡುಗರಿಗೆ ಕೆರೆ ಅಂಗಳವೇ ರೇಸ್ ಟ್ರ್ಯಾಕು. ಒಂದು ಸಂಜೆ ನಾನೂ ಏರಿ ಮೇಲೆ ಕೂತು ನೋಡಿದೆ. ಎರಡು ಹಳೇ ಮಾರುತಿ 800, ನಡುವೆ ಟವೆಲ್ ಎತ್ತಿ ಹಿಡಿದ ಒಬ್ಬ. ಟವೆಲ್ ಇಳಿದದ್ದೇ ಎಡಗಡೆಯವನು ಬಾನೆಟ್ ಅದುರುವಷ್ಟು ರೇಸ್ ಕೊಟ್ಟು ಕ್ಲಚ್ಚಿನಿಂದ ಕಾಲು ಕಿತ್ತ. ಮುಂದಿನ ಚಕ್ರಗಳು ಗಿರ್ರನೆ ಸುತ್ತಿ ಏರಿವರೆಗೂ ಧೂಳೆದ್ದಿತು, ಶಿಳ್ಳೆಯೋ ಶಿಳ್ಳೆ. ಧೂಳು ಇಳಿದಾಗ ಬಲಗಡೆಯ ಗಾಡಿ ನಾಲ್ಕು ಮಾರು ಮುಂದಿತ್ತು. ಅಂಗಳದ ಆ ಕೊನೆಯ ಜಾಲಿ ಮರ ಮೊದಲು ಮುಟ್ಟಿದ್ದೂ ಅದೇ. ಆದರೆ ರಾತ್ರಿ ಟೀ ಅಂಗಡಿಯಲ್ಲಿ ಮಾತೆಲ್ಲ ಸೋತವನ ಸ್ಟಾರ್ಟಿನದೇ. ಗೆದ್ದವನನ್ನು ಯಾರೂ ಕೇಳಲಿಲ್ಲ.

ಹೀಗೆ ಕ್ಲಚ್ಚಿನಿಂದ ಒಮ್ಮೆಲೇ ಕಾಲು ಕೀಳುವುದಕ್ಕೆ ಹುಡುಗರು 'ಕ್ಲಚ್ ಡಂಪ್' ಎನ್ನುತ್ತಾರೆ. ಇದಕ್ಕಿರುವಷ್ಟು ಹೆಸರು ಇದರ ಯೋಗ್ಯತೆಗೆ ಮೀರಿದ್ದು ಎನ್ನುವುದು ನನ್ನ ತಕರಾರು. ಇದಕ್ಕೆ ಎದುರಾದ, ಪೆಡಲನ್ನು ನಡುದಾರಿಯಲ್ಲಿ ತಡೆದು ಬಿಡುವ ಹಾಫ್ ಕ್ಲಚ್ಚಿಗೆ ಸಿಕ್ಕಿರುವುದು ಬೈಗುಳ ಮಾತ್ರ.

ಫ್ಲೈವೀಲು, ಕ್ಲಚ್ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಎಲ್ಲರಿಗೂ ಗೊತ್ತಿರುವ ಸಂಗತಿ, ಬಿಡಿ. ನೋಡಬೇಕಾದ್ದು ಟವೆಲ್ ಇಳಿದ ಮೇಲಿನ ಒಂದೂವರೆ ಸೆಕೆಂಡನ್ನು. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ತಿರುಗುತ್ತಿದೆ ಎನ್ನಿ. 800ರ ಫಸ್ಟ್ ಗೇರಿನಲ್ಲಿ ಅದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಲೆಕ್ಕ. ಗಾಡಿ ಮಾತ್ರ ಸೊನ್ನೆಯಲ್ಲಿ ನಿಂತಿದೆ. ಈ ಇಪ್ಪತ್ತರ ಅಂತರ ಎಲ್ಲೋ ಒಂದು ಕಡೆ ಉಜ್ಜಿ ಸವೆಯಲೇಬೇಕು, ಪ್ಲೇಟಿನಲ್ಲಿ ಇಲ್ಲವೇ ಟಯರಿನಲ್ಲಿ. ಎಂಜಿನ್ನಿನ ಸುತ್ತನ್ನು ಇಳಿಯಗೊಡದೆ ಹಾಫ್ ಕ್ಲಚ್ಚಿನಲ್ಲಿ ಎತ್ತಿದರೆ, ಪ್ಲೇಟು ಪೂರ್ತಿ ಹಿಡಿಯುವ ಹೊತ್ತಿಗೆ ಎಂಜಿನ್ ಕೊಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಶಾಖವಾಗಿ ಹೋಗಿರುತ್ತದೆ. ಅರ್ಧ ಹಾಳು ಎಂದು ಕೇಳಿದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಕಾಲು ಕಿತ್ತವನಿಗೂ ಆ ಉಜ್ಜಾಟ ತಪ್ಪಿದ್ದಲ್ಲ. ಪ್ಲೇಟಿನಲ್ಲಿ ಆಗಬೇಕಿದ್ದನ್ನು ಅವನು ಟಯರಿಗೆ ದಾಟಿಸಿದ್ದಾನೆ, ಅಷ್ಟೇ. ಪ್ಲೇಟು ಇರುವುದೇ ಉಜ್ಜಿಸಿಕೊಳ್ಳುವುದಕ್ಕೆ. ಟಯರು ಇರುವುದು ನೆಲ ಕಚ್ಚುವುದಕ್ಕೆ.

ನೆಲದ ಮೇಲೆ ಜಾರುತ್ತಿರುವ ಟಯರಿಗೆ ಉರುಳುತ್ತಿರುವ ಟಯರಿನಷ್ಟು ಹಿಡಿತವಿಲ್ಲ. ಡಾಂಬರಿನ ಮೇಲೆ ನೂರಕ್ಕೆ ಹತ್ತು ಹದಿನೈದರಷ್ಟು ಜಾರಿದರೆ ಹಿಡಿತ ಅತಿ ಹೆಚ್ಚು. ಅದನ್ನು ದಾಟಿದಷ್ಟೂ ಇಳಿಮುಖ. ಅದರ ಮೇಲೆ 800ಕ್ಕೆ ಎಂಜಿನ್ನೂ ಮುಂದೆ, ಎಳೆಯುವ ಚಕ್ರವೂ ಮುಂದೆ. ಗಾಡಿ ಎದ್ದ ಗಳಿಗೆಯಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಸರಿಯಾಗಿ ಆ ಗಳಿಗೆಗೇ ಎಂಜಿನ್ನಿನ ಶಕ್ತಿಯನ್ನೆಲ್ಲ ಒಮ್ಮೆಲೇ ಅದರ ಮೇಲೆ ಸುರಿಯುವುದನ್ನು ಚಮತ್ಕಾರ ಎನ್ನುತ್ತಾರೆ! ಮಾರುತಿ ಓಮ್ನಿಯವನು 800ರವನಿಗಿಂತ ಪುಣ್ಯವಂತ. ಹಿಂದಿನ ಚಕ್ರ ತಳ್ಳುವ ಗಾಡಿ, ಅದರ ಮೇಲೆ ಹೇರಲು ನಾಲ್ಕು ಚೀಲ ಕಾಯಿ.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಹೆಚ್ಚು ಸುತ್ತಿದರೆ ಮೇಲಿನ ಪುಡಿ ಕೆದರಿ ಕೆಳಗಿನ ಗಟ್ಟಿ ನೆಲ ಸಿಗುತ್ತದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000ದಂಥ ರ‍್ಯಾಲಿಗಳಲ್ಲಿ ಪ್ರತಿ ಹಂತವೂ ನಿಂತ ಗಾಡಿಯಿಂದಲೇ ಶುರು, ಅಲ್ಲಿ ಬೇಗ ಕಾಲು ಬಿಡುವವರಿದ್ದಾರೆ. ಆದರೆ ಆ ಗಾಡಿಗಳ ಟಯರೂ ಡಿಫರೆನ್ಷಿಯಲ್ಲೂ ಬೇರೆಯೇ ಜಾತಿ. ನಮ್ಮ ಕೆರೆ ಅಂಗಳದವನ ಕೈಲಿರುವುದು ಸವೆದ ಹನ್ನೆರಡಿಂಚಿನ ಟಯರು.

ಪೆಡಲಿನ ವಿಷಯಕ್ಕೆ ಬರೋಣ. 800ರದು ಕೇಬಲ್ ಕ್ಲಚ್ಚು. ಪೆಡಲ್ ಮೇಲೇಳುವಾಗ ಅದರ ದಾರಿ ಮೂರು ತುಂಡು. ಮೊದಲನೆಯದರಲ್ಲಿ ಏನೂ ಆಗುವುದಿಲ್ಲ, ಅಲ್ಲಿ ಕಾಲು ಸರ್ರನೆ ಬರಲಿ. ಕೊನೆಯದರಲ್ಲೂ ಏನೂ ಉಳಿದಿರುವುದಿಲ್ಲ. ವಿದ್ಯೆಯೆಲ್ಲ ನಡುವಿನ ಬೆರಳಗಲದಲ್ಲಿ. ಅಲ್ಲಿ ಹಿಮ್ಮಡಿ ನೆಲಕ್ಕೂರಿ ಮುಂಗಾಲನ್ನು ತಡೆದು ನಿಲ್ಲಿಸಬೇಕು. ಎಂಜಿನ್ನಿನ ದನಿ ತುಸು ತಗ್ಗುತ್ತದೆ, ಸೀಟು ಬೆನ್ನನ್ನು ಮೆಲ್ಲಗೆ ತಳ್ಳುತ್ತದೆ. ಆಗ ಬಲಗಾಲು ಇನ್ನಷ್ಟು ಕೊಡಬೇಕು, ಎಡಗಾಲು ಇನ್ನೂ ಬಿಡಬಾರದು. ಈ 'ಬಿಡಬಾರದು' ಇದೆಯಲ್ಲ, ಇದಕ್ಕೆ ಅರ್ಧ ಸೆಕೆಂಡಿನ ಆಯಸ್ಸು. ಈ ಹದ ಕಾಣಬೇಕೆಂದರೆ ತಿಪಟೂರು ಸೀಮೆಯಲ್ಲಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯುವವರ ಕೈ ನೋಡಿ. ಏಟು ಚಿಪ್ಪಿಗೆ ಬೀಳಬೇಕು, ಒಳಗಿನದಕ್ಕೆ ತಾಕಬಾರದು. ಜೋರಾಗಿ ಹೊಡೆದವನಿಗೆ ಹೋಳಿನ ರೇಟು.

ನಾನೂ ಹೋಳು ಮಾಡಿದವನೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಚಿಕ್ಕಪ್ಪನ ಕಾರು ತಗೊಂಡು ತೋಟದ ಮರಳು ದಾರಿಯಲ್ಲಿ ಕಾಲು ಕಿತ್ತೆ. ಗಾಡಿ ಎರಡು ಗುಂಡಿ ತೋಡಿ ಅದರಲ್ಲೇ ಕೂತಿತು. ರಿವರ್ಸಿನಲ್ಲೂ ಅದೇ ಸಾಹಸ ಮಾಡಿದಾಗ ಟಕ್ ಎಂದ ಸದ್ದು ಆಕ್ಸಲಿನದು. ಚಿಕ್ಕಪ್ಪ ಬಂದು ನೋಡಿ, "ಗಾಡಿ ಓಡ್ಸಕ್ಕೆ ಕೊಟ್ಟಿದ್ದೆ ಕಣಪ್ಪ, ಉಳಕ್ಕಲ್ಲ" ಎಂದರು.

ಇನ್ನು ಹಾಫ್ ಕ್ಲಚ್ಚಿಗೆ ಕೆಟ್ಟ ಹೆಸರು ತಂದವರ ಬಗ್ಗೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರುಗಳು ಮೊದಲ ದಿನವೇ ಹೇಳಿಕೊಡುವ ಮಂತ್ರ, 'ಹಾಫ್ ಕ್ಲಚ್ಚಲ್ಲಿ ಓಡಿಸಬೇಡ'. ಓಡುವ ಗಾಡಿಯಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂರುವವನಿಗೆ, ಏರಿನಲ್ಲಿ ಬ್ರೇಕ್ ಬಿಟ್ಟು ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸುವವನಿಗೆ ಇದು ಸರಿಯಾದ ಬೈಗುಳ. ಆದರೆ ಓಡಿಸುವುದು ಬೇರೆ, ಎತ್ತುವುದು ಬೇರೆ. ನಿಂತ ಗಾಡಿಯನ್ನು ಹಾಫ್ ಕ್ಲಚ್ಚಿಲ್ಲದೆ ನಯವಾಗಿ ಎತ್ತಿದವರು ಭೂಮಿ ಮೇಲೆ ಯಾರೂ ಇಲ್ಲ, ಆ ಮೇಷ್ಟ್ರೂ ಸೇರಿ. ಎರಡನ್ನೂ ಒಂದೇ ಗೋಣಿಗೆ ತುಂಬಿದ್ದರಿಂದ ಶಿಷ್ಯರಿಗೆ ಉಳಿದದ್ದು ಎರಡೇ ದಾರಿ: ಆಮೆಯ ಹಾಗೆ ಎತ್ತು, ಇಲ್ಲ ಕಾಲು ಕೀಳು. ಅಂಗಳದ ಧೂಳಿನಲ್ಲಿ ಈ ಮೇಷ್ಟ್ರುಗಳ ಪಾಲೂ ಇದೆ.

ಇನ್ನೊಂದು ಪಂಗಡದವರು, ಈಗ ಕ್ಲಚ್ ಪೆಡಲೇ ಇಲ್ಲದ ಎಎಂಟಿ ಗೇರು ಬಂದಿದೆ, ಕಾಲಿನ ಮಾತೇ ಹಳತಾಯಿತು ಎನ್ನುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ಅಗ್ಗದ ಕಾರುಗಳಿಗೂ ಅದು ಬಂದದ್ದು ನಿಜ. ಆದರೆ ಅದರೊಳಗಿರುವುದು ಅದೇ ಕ್ಲಚ್ಚು. ಕಾಲಿನ ಬದಲು ಯಂತ್ರ ಹಾಫ್ ಕ್ಲಚ್ ಹಿಡಿಯುತ್ತದೆ. ಕಾಲು ಕೀಳುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಅಷ್ಟೇಕೆ, ಫಾರ್ಮುಲಾ ಒನ್ನಿನವರು ಕೂಡ 2015ರ ಬೆಲ್ಜಿಯಂ ರೇಸಿನಿಂದ, ಕ್ಲಚ್ ಎಲ್ಲಿ ಕಚ್ಚುತ್ತದೆಂದು ರೇಡಿಯೊದಲ್ಲಿ ಚಾಲಕನಿಗೆ ಹೇಳಿಕೊಡುವುದನ್ನು ನಿಲ್ಲಿಸಿದರು; 2016ರಿಂದ ಸ್ಟಾರ್ಟಿಗೆ ಕೈಯಲ್ಲಿ ಎಳೆಯುವ ಕ್ಲಚ್ ಪ್ಯಾಡಲ್ ಒಂದೇ ಎಂದರು. ಕೋಟಿ ಕೋಟಿಯ ಆ ಗಾಡಿಗಳಲ್ಲೂ ನಡುವಿನ ಬೆರಳಗಲ ಹುಡುಕುವ ಕೆಲಸ ಚಾಲಕನ ಕೈಗೇ ವಾಪಸು ಬಂತು.

ಕೆರೆ ಅಂಗಳದಲ್ಲಿ ಗೆದ್ದ ಹುಡುಗನನ್ನು ಆಮೇಲೆ ಹುಡುಕಿ ಮಾತಾಡಿಸಿದೆ. ಸಿಮೆಂಟ್ ಲಾರಿ ಡ್ರೈವರ್ ಮಗ. ಇಲ್ಲಿನ ಸಿಮೆಂಟ್ ಕಾರ್ಖಾನೆ ಮೈಸೂರ್ ಸಿಮೆಂಟ್ಸ್ ಆಗಿದ್ದ ಕಾಲದಿಂದ ಅಮ್ಮಸಂದ್ರದಲ್ಲಿ ಲೋಡ್ ಲಾರಿ ಏಳುವ ಸದ್ದು ಕೇಳದವರಿಲ್ಲ. ಆದರೆ ಇವನು ಕ್ಯಾಬಿನ್ನಿನಲ್ಲಿ ಕೂತು ಅಪ್ಪನ ಕಾಲನ್ನೇ ನೋಡುತ್ತ ಬೆಳೆದವನು. ಎಲ್ಲಿ ಕಲಿತೆ ಎಂದರೆ ನಕ್ಕ. "ಏನಿಲ್ಲ ಸಾರ್, ಚಪ್ಪಲಿ ಬಿಟ್ಟು ಹತ್ತೀನಿ. ಎಲ್ ಹಿಡೀತದೆ ಅಂತ ಬೆರಳಿಗೆ ಗೊತ್ತಾಯ್ತದೆ."

ಅವನ ಹವಾಯಿ ಚಪ್ಪಲಿ ಆ ಸಂಜೆ ಸ್ಟಾರ್ಟ್ ಗೆರೆಯ ಹತ್ತಿರವೇ ಉಳಿದು, ಎಡಗಡೆಯವನ ಚಕ್ರ ಎಬ್ಬಿಸಿದ ಮಣ್ಣಿನಲ್ಲಿ ಹೂತುಹೋಗಿತ್ತಂತೆ.